ಶೂ ಡಬ್ಬಿ, ಐದು ಖಾನೆ, ಮೂರು ಮಕ್ಕಳು: ಒಂದು ವರ್ಷ ಬಳಸಿದ ಮೇಲೆ

ಹೋಮ್‌ಸ್ಕೂಲಿಂಗ್ ಶುರು ಮಾಡಿ ಮೊನ್ನೆಗೆ ಒಂದು ವರ್ಷ ಆಯಿತು. ಮೂವರು ಮಕ್ಕಳು: 11, 8, 5. ಪುಸ್ತಕ, ವಿಡಿಯೊ ಎಲ್ಲರ ಮನೆಯಲ್ಲೂ ಇರುವಂಥದ್ದೇ, ಅದರ ಬಗ್ಗೆ ಹೇಳುವುದೇನಿಲ್ಲ. ಗೋಡೆಗೆ ಅಂಟಿಸಿದ್ದ ಟೈಮ್‌ಟೇಬಲ್ ಎರಡನೇ ವಾರಕ್ಕೇ ಚಿಕ್ಕವಳ ಕಾಗದದ ದೋಣಿ ಆಯಿತು. ವರ್ಷಪೂರ್ತಿ ಉಳಿದದ್ದು ಒಂದೇ ವಸ್ತು, ದೊಡ್ಡವಳ ಹಳೇ ಶೂ ಡಬ್ಬಿ. ಈ ವಿಮರ್ಶೆ ಅದರದ್ದು.

ಕಾರ್ಡ್ ಡಬ್ಬಿ ಗೊತ್ತಿರುವವರು ಇದನ್ನು ಹಾರಿಸಿಕೊಂಡು ಹೋಗಿ. 1972ರಲ್ಲಿ ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಹೇಳಿಕೊಟ್ಟ ಉಪಾಯ. ಕಾರ್ಡಿನ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಡಬ್ಬಿಯಲ್ಲಿ ಐದು ಖಾನೆ. ಸರಿ ಹೇಳಿದರೆ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಒಂದನೇ ಖಾನೆಗೆ. ಮೊದಲ ಖಾನೆಯನ್ನು ದಿನಾ ನೋಡಬೇಕು, ಮುಂದಿನವನ್ನು ಇನ್ನಷ್ಟು ಬಿಟ್ಟು ಬಿಟ್ಟು. ನಮ್ಮ ಮನೆಯಲ್ಲಿ ಐದನೇದಕ್ಕೆ ಎರಡು ವಾರಕ್ಕೊಮ್ಮೆ ಸರದಿ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಜರ್ಮನ್ ಮನಃಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಬರೆದಿಟ್ಟಿದ್ದರು. ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಮಾಡಿಕೊಂಡು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡ ಪುಣ್ಯಾತ್ಮ. ಪಕ್ಕದಲ್ಲಿ ಯಾರೂ "ಅಮ್ಮಾ, ಇವನು ನನ್ನ ಪೆನ್ಸಿಲ್ ತಗೊಂಡ" ಎಂದು ಕೂಗುತ್ತಿರಲಿಲ್ಲ ಅನಿಸುತ್ತದೆ.

ಇದೇ ಕೆಲಸಕ್ಕೆ ಆಪ್‌ಗಳಿವೆ, ಗೊತ್ತು. ಆದರೆ ಮನೆಯಲ್ಲಿ ಫೋನ್ ಒಂದು, ಮಕ್ಕಳು ಮೂರು. ಮೂರು ಫೋನ್ ಕೊಳ್ಳುವ ಯೋಗ್ಯತೆಯೂ ಇಲ್ಲ, ಮನಸ್ಸೂ ಇಲ್ಲ. ರಟ್ಟು ಕತ್ತರಿಸಿ ಖಾನೆ ಮಾಡಿದೆ. ಕಾರ್ಡಿನ ಮೂಲೆಗೆ ಬಣ್ಣ ಬಳಿದೆವು. ದೊಡ್ಡವಳದ್ದು ನೀಲಿ, ನಡುವಿನವನದ್ದು ಕೆಂಪು, ಚಿಕ್ಕವಳದ್ದು ಹಳದಿ.

ನಿಜವಾದ ತಲೆನೋವು ವಯಸ್ಸಿನದ್ದು. ಮಾಂಟೆಸ್ಸೋರಿ ಪದ್ಧತಿಯಲ್ಲಿ ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೆ ಕೂರಿಸುತ್ತಾರೆ. 3ರಿಂದ 6 ಒಂದು ಗುಂಪು, 6ರಿಂದ 9 ಇನ್ನೊಂದು, 9ರಿಂದ 12 ಮತ್ತೊಂದು. ಆ ಲೆಕ್ಕದಲ್ಲಿ ನನ್ನ ಮೂವರಿಗೂ ಮೂರು ಬೇರೆ ಕೋಣೆ ಬೇಕು. ಇರುವುದು ಒಂದು ಚಾಪೆ.

ಹಾಗಾಗಿ ಚಕ್ರ ಮಾಡಿದೆ. ಬೆಳಿಗ್ಗೆ ಇಪ್ಪತ್ತು ನಿಮಿಷ. ದೊಡ್ಡವಳು ತಮ್ಮನಿಗೆ ಮಗ್ಗಿ ಕೇಳುತ್ತಾಳೆ. ಅವನು ತಂಗಿಗೆ ಅಕ್ಷರ ಕೇಳುತ್ತಾನೆ. ಥ ಮತ್ತು ಧ ಕಾರ್ಡ್ ಹಿಡಿದು "ಹೊಟ್ಟೇಲಿ ಚುಕ್ಕಿ ಇದೆಯಾ ನೋಡೇ" ಎಂದು ಸುಳಿವನ್ನೂ ಕೊಡುತ್ತಾನೆ, ಕೊಡಬಾರದು ಎಂದು ನೂರು ಸಲ ಹೇಳಿದ್ದೇನೆ. ಚಿಕ್ಕವಳು ಅಕ್ಕನಿಗೆ ಸಂಧಿ ಕೇಳುತ್ತಾಳೆ. ಅವಳಿಗೆ ಕೂಡಿಸಿ ಓದಲು ಇನ್ನೂ ಬರುವುದಿಲ್ಲ. ಕಾರ್ಡನ್ನು ಅಕ್ಕನ ಮುಖಕ್ಕೆ ಹಿಡಿಯುತ್ತಾಳೆ. ಅಕ್ಕ "ಮಳೆ, ಕಾಲ, ಮಳೆಗಾಲ, ಆದೇಶ ಸಂಧಿ" ಎನ್ನುತ್ತಾಳೆ. ಇವಳು ಕಾರ್ಡ್ ತಿರುಗಿಸಿ ಉತ್ತರ ತೋರಿಸಿ, ಅಕ್ಕನ ಮೂಗನ್ನೇ ನೋಡುತ್ತಾಳೆ. ತಪ್ಪಾಗಿದ್ದರೆ ಅಕ್ಕನ ಮೂಗು ಅಲ್ಲಾಡುತ್ತದಂತೆ. ಆ ಇಪ್ಪತ್ತು ನಿಮಿಷ ನಾನು ಗೋಡೆಗೆ ಒರಗಿ ಸುಮ್ನೆ ಕೂರುತ್ತಿದ್ದೆ. ಮೊದಲ ಮೂರು ತಿಂಗಳಲ್ಲೇ ಈ ವಿಮರ್ಶೆ ಬರೆದಿದ್ದರೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ.

ನಾಲ್ಕನೇ ತಿಂಗಳಲ್ಲಿ ಕೆಟ್ಟಿತು. ನಡುವಿನವನ ಏಳೆಂಟ್ಲ ಕಾರ್ಡ್ ಐದನೇ ಖಾನೆ ತಲುಪಲು ಎರಡು ತಿಂಗಳು ಹಿಡಿದಿತ್ತು. ಅವತ್ತು ಯಾವ ಗಡಿಬಿಡಿಯಲ್ಲಿದ್ದನೋ, "ಐವತ್ನಾಲ್ಕು" ಎಂದ. ನಿಯಮದ ಪ್ರಕಾರ ಕಾರ್ಡ್ ಒಂದನೇ ಖಾನೆಗೆ. ಅಳಲಿಲ್ಲ, ಜಗಳ ಮಾಡಲಿಲ್ಲ. ವಾರ ಕಳೆದು ಕಸ ಗುಡಿಸುವಾಗ ಚಾಪೆಯ ಅಡಿಯಲ್ಲಿ ಕೆಂಪು ಮೂಲೆಯ ಒಂಬತ್ತು ಕಾರ್ಡ್ ಸಿಕ್ಕವು. ತಪ್ಪುವ ಭಯ ಇದ್ದದ್ದನ್ನೆಲ್ಲ ಆರಿಸಿ ಬಚ್ಚಿಟ್ಟಿದ್ದ.

ಮರುದಿನವೇ ನಿಯಮ ಬದಲಾಯಿಸಿದೆ. ತಪ್ಪಿದರೆ ಒಂದೇ ಮೆಟ್ಟಿಲು ಕೆಳಗೆ, ಅಷ್ಟೇ. ಹೀಗೆ ಮಾಡಿದರೆ ನೆನಪು ಅಷ್ಟು ಗಟ್ಟಿ ಆಗುವುದಿಲ್ಲ ಎನ್ನುವವರು ಇದ್ದಾರೆ. ಇರಲಿ. ಚಾಪೆಯ ಅಡಿಯಲ್ಲಿರುವ ಕಾರ್ಡಿಗಿಂತ ನಾಲ್ಕನೇ ಖಾನೆಯ ಕಾರ್ಡ್ ವಾಸಿ.

ಆದರೆ ದೊಡ್ಡ ದೂರು ಡಬ್ಬಿಯ ಮೇಲಲ್ಲ, ನನ್ನ ಮೇಲೆ. ಡಬ್ಬಿ ಸಿಕ್ಕ ಮೇಲೆ ನಾನು ಪಾಠ ಹೇಳುವುದನ್ನೇ ಬಿಟ್ಟಿದ್ದೆ. ಕಾರ್ಡ್ ಬರೆಯುವುದು, ಬರೆದದ್ದನ್ನು ಕೇಳುವುದು, ಮುಗಿಯಿತು. ಗೊತ್ತಾದದ್ದು ಮನೆಗೆ ಜನ ಬರುವ ದಿನ. "ಏಳು ಸಾಲು, ಸಾಲಿಗೆ ಎಂಟು ಕುರ್ಚಿ. ಎಷ್ಟು ಬೇಕೋ?" ಎಂದು ನಡುವಿನವನನ್ನು ಕೇಳಿದೆ. ಅವನು ಬೆರಳು ಎಣಿಸಲು ಶುರು ಮಾಡಿದ. "ಏಳೆಂಟ್ಲ?" ಎಂದೆ. "ಐವತ್ತಾರು" ಎಂದ, ತಕ್ಷಣ. ಆಮೇಲೆ ಮತ್ತೆ ಬೆರಳಿಗೆ ಹೋದ. ಅವನ ತಲೆಯಲ್ಲಿ ಮಗ್ಗಿ ಒಂದು ಕಡೆ, ಕುರ್ಚಿ ಒಂದು ಕಡೆ. ಆರು ತಿಂಗಳು ನಾನು ಏನು ಮಾಡುತ್ತಿದ್ದೆ ಎಂದು ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಒಂದು ತಿಂಗಳು ಮಗ್ಗಿ ಕಾರ್ಡ್ ಮುಟ್ಟಲಿಲ್ಲ. ಬಟನ್ ಜೋಡಿಸಿದೆವು, ಚೌಕದ ಹಾಳೆಯಲ್ಲಿ ಬಣ್ಣ ತುಂಬಿದೆವು. ಏಳು ಸಾಲಲ್ಲಿ ಎಂಟೆಂಟು ಇಟ್ಟ ಹಾಳೆಯನ್ನು ಅಡ್ಡ ತಿರುಗಿಸಿ "ಅರೆ, ಎಂಟೇಳ್ಲಾನೂ ಇದೇ" ಎಂದ ದಿನ ಕಾರ್ಡ್ ವಾಪಸ್ ತೆಗೆದೆ.

ಚಿಕ್ಕವಳ ವಿಷಯ ನಾನು ಎಣಿಸಿಯೇ ಇರಲಿಲ್ಲ. ದಿನಾ ಅಕ್ಕನಿಗೆ ಸಂಧಿ ಕೇಳಿ ಕೇಳಿ ಅವಳ ಕಿವಿ ಪಳಗಿತ್ತು. ಒಂದು ದಿನ ಕಾರ್ಡ್ ಹಿಡಿದವಳು ಕೆಳಗೇ ಇಳಿಸಲಿಲ್ಲ.

"ಅಕ್ಕಾ, ಚಳಿ ಕಾಲ ಸೇರಿದ್ರೆ ಚಳಿಗಾಲ ಅಲ್ವಾ?"

"ಹೂಂ."

"ಮಳೆ ಕಾಲ ಮಳೆಗಾಲ."

"ಹೂಂ, ಸರಿ."

"ಮತ್ತೆ ಬೇಸಿಗೆಕಾಲ ಯಾಕೆ ಬೇಸಿಗೆಗಾಲ ಆಗಲ್ಲ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಡಬ್ಬಿಯ ಕಡೆ ನೋಡಿದೆ. ಮೂವರೂ "ಬೇಸಿಗೆಗಾಲ, ಬೇಸಿಗೆಗಾಲ" ಎಂದು ಹೇಳಿ ಹೇಳಿ ನೋಡಿದರು. "ಗೆ ಗಾ, ಗೆ ಗಾ, ನಾಲಿಗೆ ತೊಡರುತ್ತೆ" ಎಂದ ನಡುವಿನವನು. ದೊಡ್ಡವಳಿಗೆ ಅದು ಸಮಾಧಾನ ಆಗಲಿಲ್ಲ. ಅವತ್ತಿನ ಪಾಠ ಅಲ್ಲಿಗೇ ನಿಂತಿತು, ಮಧ್ಯಾಹ್ನದವರೆಗೂ ಅದೇ ಮಾತು. ಅಕ್ಷರ ಕೂಡಿಸಲು ಬಾರದವಳು ಎತ್ತಿದ ಪ್ರಶ್ನೆ ಅದು.

ಈಗ ರಟ್ಟಿನಲ್ಲಿ ಆರನೇ ಖಾನೆ ಮಾಡಿದ್ದೇನೆ. ಅದರ ಕಾರ್ಡಿಗೆ ಒಂದೇ ಮುಖ, ಹಿಂದೆ ಖಾಲಿ. ಬೇಸಿಗೆಗಾಲ ಇನ್ನೂ ಅಲ್ಲೇ ಇದೆ.

ಕೊಳ್ಳಬೇಕಾ ಎಂದರೆ, ಕೊಳ್ಳಬೇಡಿ, ಮಾಡಿಕೊಳ್ಳಿ. 8 ವರ್ಷದ ಆಸುಪಾಸಿನವರಿಗೆ ಬಹಳ ಉಪಯೋಗ, ಆದರೆ ಅರ್ಥ ಆದ ಮೇಲೆ ಮಾತ್ರ. 11ರವಳಿಗೆ ಸಂಧಿ ಬಿಟ್ಟರೆ ಹೆಚ್ಚೇನೂ ಇಲ್ಲ; ಅವಳಿಗೀಗ ಉದ್ದ ಬರೆಯುವ ಹುಚ್ಚು, ಅದು ಕಾರ್ಡಿನಲ್ಲಿ ಹಿಡಿಯುವುದಿಲ್ಲ. ಮೂರೂವರೆ ಸ್ಟಾರ್. ಡಬ್ಬಿಯ ಒಂದು ಮೂಲೆ ಹರಿದಿದೆ, ಟೇಪ್ ಸುತ್ತಿದ್ದೇನೆ. ದೊಡ್ಡವಳ ಕಾಲು ಬೆಳೆಯುತ್ತಿದೆ. ಹೊಸ ಶೂ ಬರುವವರೆಗೆ ಇದೇ ಡಬ್ಬಿ.