ಮನೆ ಹಿಂದಿನ ಧರೆಗೆ ಏನು ಮಾಡುವುದು: ಪಿಚಿಂಗ್, ಸಿಮೆಂಟ್ ಗೋಡೆ, ಲಾವಂಚ

ಮಲೆನಾಡಿನಲ್ಲಿ ಮನೆ ಕಟ್ಟುವುದು ಅಂದರೆ ಮೊದಲು ಗುಡ್ಡ ಕಡಿಯುವುದು. ಹಿಂದೆ ಹಾರೆ, ಪಿಕಾಸಿ ಹಿಡಿದು ಬೇಕಾದಷ್ಟೇ ಕಡಿಯುತ್ತಿದ್ದರು. ಈಗ ಜೆಸಿಬಿ ಬಂದು ಒಂದೇ ದಿನದಲ್ಲಿ ನೆಟ್ಟಗೆ ಧರೆ ಸೀಳಿ ಹೋಗುತ್ತದೆ. ಧರೆ ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ. ಪುನರ್ವಸು ಮಳೆ ಹಿಡಿಯಿತೋ, ಹೆಡಿಗೆಗಟ್ಟಲೆ ಮಣ್ಣು ಹಿತ್ತಿಲ ಬಾಗಿಲಿಗೇ ಬಂದು ಬೀಳುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಇರುವ ನಮ್ಮ ಮನೆಗೆ ಮೂರು ದಿಕ್ಕಿಗೂ ಧರೆ. ಒಂದಕ್ಕೆ ಕಾಡುಕಲ್ಲಿನ ಪಿಚಿಂಗ್, ಅಂದರೆ ಸಿಮೆಂಟಿಲ್ಲದೆ ಕಲ್ಲು ಜೋಡಿಸಿದ ಗೋಡೆ, ಒಂದಕ್ಕೆ ಜಂಬಿಟ್ಟಿಗೆ ಕಲ್ಲಿನ ಸಿಮೆಂಟ್ ಗೋಡೆ, ಇನ್ನೊಂದಕ್ಕೆ ಲಾವಂಚ ಅನ್ನುವ ಪರಿಮಳದ ಬೇರಿನ ಹುಲ್ಲು ಮಾಡಿದ್ದೇವೆ. ಎಲ್ಲವೂ ಒಳ್ಳೇ ಮಳೆಗಾಲಗಳನ್ನು ಕಂಡಿವೆ. ಮೂರರಲ್ಲಿ ನನ್ನ ಮೊದಲ ಆಯ್ಕೆ ಪಿಚಿಂಗ್. ಯಾಕೆ ಅಂತ ಹೇಳುತ್ತೇನೆ.

ಧರೆ ಜರಿಯುವುದು ಮಣ್ಣಿನ ಭಾರಕ್ಕಿಂತ ಜಾಸ್ತಿ ನೀರಿನಿಂದ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ನಮ್ಮಲ್ಲಿ ದಿನಕ್ಕೆ 100 ಮಿ.ಮೀ. ಬೀಳುವುದು ವಿಶೇಷವೇನಲ್ಲ. ಮನೆ ಹಿಂದಿನ 100 ಚದರ ಮೀಟರ್ ಜಾಗಕ್ಕೆ ಅಷ್ಟು ಬಿದ್ದರೆ 10,000 ಲೀಟರ್ ಆಯಿತು. ಅದರಲ್ಲಿ ಒಂದಿಷ್ಟು ಮೇಲೆ ಹರಿದು ಹೋಗುತ್ತದೆ. ಉಳಿದದ್ದು ಒಳಗೆ ಇಳಿದು ಹೊರಬರುವ ದಾರಿ ಹುಡುಕುತ್ತದೆ. ಆ ದಾರಿಯನ್ನು ನಾವು ಕೊಡುತ್ತೇವೋ, ಅದೇ ಮಾಡಿಕೊಳ್ಳುತ್ತದೋ, ಅಷ್ಟೇ ಪ್ರಶ್ನೆ.

ಪಿಚಿಂಗಿನಲ್ಲಿ ಸಿಮೆಂಟೇ ಇಲ್ಲ. ಹಾಗಾಗಿ ಪ್ರತಿ ಸಂದಿಯೂ ನೀರಿಗೆ ದಾರಿ. ಆದರೆ ಕಲ್ಲು ಒಟ್ಟಿದ ಮಾತ್ರಕ್ಕೆ ಪಿಚಿಂಗ್ ಆಗುವುದಿಲ್ಲ. ನಮ್ಮದು ಆರಡಿ ಎತ್ತರ. ಬುಡ ಮೂರಡಿ ಅಗಲ, ತಲೆ ಒಂದೂವರೆ ಅಡಿ. ಮುಖ ಧರೆಯ ಕಡೆಗೆ ಒಂದಡಿ ವಾಲಿದೆ. ಕಟ್ಟಿದವರು ವಯಸ್ಸಾದ ಒಬ್ಬರು. ಅವರು ಕಲ್ಲು ಎತ್ತಿಕೊಂಡು ಎರಡು ಸಲ ತಿರುಗಿಸಿ ನೋಡುತ್ತಿದ್ದರು, ಆಮೇಲೇ ಕೂರಿಸುತ್ತಿದ್ದರು. ಉದ್ದದ ಕಲ್ಲು ಸಿಕ್ಕರೆ ಚಂದ ಕಾಣಲಿ ಅಂತ ಅಡ್ಡ ಮಲಗಿಸುತ್ತಿರಲಿಲ್ಲ. ತಲೆ ಮಾತ್ರ ಹೊರಗಿಟ್ಟು ಉಳಿದದ್ದನ್ನು ಧರೆಯೊಳಕ್ಕೆ ತೂರಿಸುತ್ತಿದ್ದರು. ಕಲ್ಲು ಅಲ್ಲಾಡಿದರೆ ಹಿಂದಿನಿಂದ ಚಕ್ಕೆ ಬಡಿಯುವುದು, ಮುಂದಿನಿಂದ ಅಲ್ಲ. ಮುಂದಿನಿಂದ ಬಡಿದ ಚಕ್ಕೆ ನಾಲ್ಕು ಮಳೆಗೆ ಉದುರಿ ಹೋಗುತ್ತದಂತೆ. ಗೋಡೆಯ ಬೆನ್ನಿಗೆ ಮಣ್ಣು ತುಂಬಲು ಬಿಡಲೇ ಇಲ್ಲ, ಪುಡಿಗಲ್ಲು, ಜಲ್ಲಿ ಮಾತ್ರ.

ಮೊದಲ ಮಳೆಗಾಲದಲ್ಲಿ ಮಧ್ಯದಲ್ಲಿ ಒಂದು ಕಡೆ ಸ್ವಲ್ಪ ಕುಸಿದು ಕೂತಿತು. ಬಿರುಕಿಲ್ಲ, ಬೀಳಲಿಲ್ಲ, ಹಾಗೇ ಗಟ್ಟಿಯಾಯಿತು. ಈಗ ಸಂದಿಯಲ್ಲಿ ಜರೀಗಿಡ ಬಂದಿದೆ. ಹಾವೂ ಬರಬಹುದು ಅನ್ನುವುದು ಮನೆಯವರ ತಕರಾರು. ಅದು ಸುಳ್ಳಲ್ಲ. ಕಷ್ಟ ಏನೆಂದರೆ ಕೂಲಿ ಜಾಸ್ತಿ, ಕೆಲಸ ನಿಧಾನ, ಇದನ್ನು ಬಲ್ಲವರು ಕಡಿಮೆ. ಮೇಲಾಗಿ ಮೂರಡಿ ಜಾಗ ಬಿಟ್ಟುಕೊಡಬೇಕು.

ಆ ಜಾಗ ಇಲ್ಲದ ಕಡೆ ಸಿಮೆಂಟ್ ಗೋಡೆಯೇ ಗತಿ. ಬಚ್ಚಲ ಪಕ್ಕ ನಮಗೆ ಓಣಿಯಷ್ಟೇ ಇದ್ದದ್ದು. ಗೋಡೆ ಬೇಗ ಎದ್ದಿತು, ನೋಡಲು ನೀಟಾಗಿದೆ. ಇದರ ಜೀವವೆಲ್ಲ ನೀರು ಬಿಡುವ ಪೈಪಿನಲ್ಲಿದೆ. ಮೂರಿಂಚಿನ ಪಿವಿಸಿ ತುಂಡುಗಳನ್ನು ನಾಲ್ಕೈದು ಅಡಿಗೊಂದರಂತೆ ಹೊರಕ್ಕೆ ಇಳಿಜಾರು ಕೊಟ್ಟು ಇಡಿಸಿದೆವು. ಒಳಬಾಯಿಗೆ ಬಲೆ, ಅದರ ಹಿಂದೆ ಜಲ್ಲಿ. "ಇಷ್ಟೆಲ್ಲ ತೂತು ಬೇಕಾ ಸಾರ್, ನೋಡೋಕೆ ಚಂದ ಇರಲ್ಲ" ಅಂದಿದ್ದ ಮೇಸ್ತ್ರಿ. ಬೇಕು. ನೀರು ಹಿಂದೆ ನಿಂತರೆ ಎಂಥ ಗೋಡೆಯೂ ಹೊಟ್ಟೆ ಬಿಡುತ್ತದೆ. ಒಂದು ತಮಾಷೆ ನೋಡಿ: ಆರಿದ್ರಾ ಮಳೆಯಲ್ಲಿ ಎಲ್ಲ ಪೈಪೂ ತೊಟ್ಟಿಕ್ಕಿದರೆ ಮೂಲೆಯ ಒಂದು ಮಾತ್ರ ನಲ್ಲಿ ಬಿಟ್ಟಂತೆ ಸುರಿಯುತ್ತದೆ. ಅಲ್ಲಿ ಒಸರು ಇದೆ ಅಂತ ಗೊತ್ತಾದದ್ದೇ ಹಾಗೆ. ಪ್ರತಿ ಮೇ ತಿಂಗಳು ಕಬ್ಬಿಣದ ಸರಳು ಹಾಕಿ ಎಲ್ಲವನ್ನೂ ತಿವಿದು ಕ್ಲೀನ್ ಮಾಡಬೇಕು. ಪಿಚಿಂಗಿಗೆ ಈ ರಗಳೆ ಇಲ್ಲ.

ಲಾವಂಚ ಎಲ್ಲಕ್ಕಿಂತ ಅಗ್ಗ. ಗುಂಡ್ಲುಪೇಟೆ ಕಡೆ ಹೊಲದ ಬದುವಿಗೆ ಇದನ್ನು ಹಾಕುವುದು ಹಳೇ ರೂಢಿ. ಬೇರು ಅಡ್ಡ ಹರಡದೆ ನೇರ ಕೆಳಗಿಳಿಯುತ್ತದೆ, ಒಳ್ಳೇ ಮಣ್ಣಿನಲ್ಲಿ ಮೂರು ಮೀಟರಿನವರೆಗೂ. ಆದರೆ ನೆಟ್ಟಗಿನ ಧರೆಗೆ ಇದು ಆಗದು, ಓರೆ ಇರಬೇಕು. ಬಿಸಿಲೂ ಬೇಕು. ತೋಟದ ನೆರಳಿಗೆ ತಾಗಿದ ತುದಿಯಲ್ಲಿ ನಮ್ಮ ಬುಡಗಳು ಬಡಕಲಾಗಿಯೇ ಉಳಿದಿವೆ. ಬಿಸಿಲಿರುವ ಕಡೆ ಸೊಂಟದೆತ್ತರ ಬೆಳೆದು ಬೇಲಿ ಕಟ್ಟಿದೆ.

ಮೃಗಶಿರಾ ಮಳೆಗೆ ನೆಡುವುದು ಸರಿ. ಎರಡು ಮೂರು ಸಸಿ ಒಟ್ಟಿಗೆ, ಅರ್ಧ ಗೇಣಿಗೊಂದು ಬುಡ, ಮೂರಡಿ ಇಳಿದಲ್ಲೆಲ್ಲ ಒಂದು ಸಾಲು. ಸಾಲು ಮಟ್ಟವಾಗಿರಲೇಬೇಕು. ಒಂದು ಕಡೆ ತಗ್ಗಿದರೆ ನೀರೆಲ್ಲ ಅಲ್ಲಿಗೇ ಬಂದು ಕೊರೆಯುತ್ತದೆ. ಮಟ್ಟ ಹಿಡಿಯಲು ಮೊಬೈಲ್ ಆ್ಯಪ್ ನೋಡಿದೆ, ಉದ್ದದ ಸಾಲಿಗೆ ಪ್ರಯೋಜನವಿಲ್ಲ. ರಸಮಟ್ಟವೂ ಅಷ್ಟೇ, ಗಿಡ್ಡ ದೂರಕ್ಕೆ ಸರಿ. ಗಾರೆಯವರ ನೀರು ತುಂಬಿದ ಲೆವೆಲ್ ಪೈಪೇ ವಾಸಿ. ಒಳಗೆ ಗಾಳಿಗುಳ್ಳೆ ಉಳಿಯಬಾರದು, ಇನ್ನೊಂದು ತುದಿ ಹಿಡಿಯಲು ಜನ ಬೇಕು, ಅಷ್ಟೇ.

ಬೇಲಿ ಕೂಡಿಕೊಳ್ಳಲು ಎರಡು ಮೂರು ಮಳೆಗಾಲ ಬೇಕು. ಅಲ್ಲಿಯವರೆಗೆ ನಡುವಿನ ಮಣ್ಣಿಗೆ ಅಡಿಕೆ ಸೋಗೆ ಹೊದಿಸಿ. ಇನ್ನೊಂದು ಮಾತು. ಬಂದ ನೆಂಟರು "ಕುಡಿಯುವ ನೀರಿನ ಕೊಡಕ್ಕೆ ಹಾಕಲು ನಾಲ್ಕು ಬೇರು ಕೊಡಿ" ಅನ್ನುತ್ತಾರೆ. ಧರೆಯದ್ದನ್ನು ಕೀಳಬೇಡಿ. ಅಂಗಳದಲ್ಲಿ ಹಳೇ ಡ್ರಮ್ಮಿಗೆ ಎರಡು ಬುಡ ಹಾಕಿಟ್ಟರೆ ಸ್ನೇಹವೂ ಉಳಿಯುತ್ತದೆ, ಧರೆಯೂ ಉಳಿಯುತ್ತದೆ.

ಇದೆಲ್ಲ ಆಳೆತ್ತರದ ಧರೆಯ ಮಾತು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ್ದೇವಲ್ಲ, ಅಂಥ ಗುಡ್ಡಕ್ಕೆ ಪಿಚಿಂಗೂ ಸಾಲದು, ಹುಲ್ಲೂ ಸಾಲದು. ಧರೆ ಆಳೆತ್ತರಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ತಲೆಯ ಮೇಲೆ ಉದ್ದುದ್ದ ಬಿರುಕು ಕಂಡರೆ, ಎಂಜಿನಿಯರ್ ಕರೆಸಿ. ಯಾವ ಉಪಾಯ ಮಾಡಿದರೂ ಧರೆಯ ತಲೆಯಿಂದ ಸ್ವಲ್ಪ ಹಿಂದೆ ಒಂದು ಬಸಿಗಾಲುವೆ ತೋಡಿ, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಲೇಬೇಕು. ಮೂರರಲ್ಲಿ ಯಾವುದನ್ನೂ ಮಾಡಲು ಈ ವರ್ಷ ದುಡ್ಡಿಲ್ಲದಿದ್ದರೆ ಇದೊಂದನ್ನಾದರೂ ಮಾಡಿ.

ಕೊಟ್ಟಿಗೆ ಹಿಂದೆ ಇನ್ನೊಂದಿಷ್ಟು ಧರೆ ಹಾಗೇ ಇದೆ. ಅಲ್ಲಿ ನೆರಳು, ಹಾಗಾಗಿ ಲಾವಂಚ ಬಾರದು. ಜಾಗ ಬೇಕಾದಷ್ಟಿದೆ, ಆದ್ದರಿಂದ ಸಿಮೆಂಟೂ ಬೇಡ. ಲಾರಿ ಹೋಗಲು ದಾರಿಯಿಲ್ಲ, ಕಲ್ಲು ಹೊತ್ತೇ ಸಾಗಿಸಬೇಕು. ಬರುವ ಬೇಸಿಗೆಗೆ ಪಿಚಿಂಗ್ ಕಟ್ಟಿದ ಅದೇ ಅಜ್ಜನಿಗೆ ಹೇಳಿಟ್ಟಿದ್ದೇವೆ.