5 ವೋಲ್ಟ್ ರಿಲೇ ಬೋರ್ಡ್: ಬಲ್ಬಿಗೆ ಸರಿ, ಪಂಪಿಗೆ ಬೇಡ ಮಾರಾಯ್ರೆ

ಬದಿಯಡ್ಕದ ನಮ್ಮ ಅಡಿಕೆ ತೋಟದ 1 ಎಚ್‌ಪಿ ಪಂಪನ್ನು ಮೊಬೈಲಿನಿಂದಲೇ ಆನ್ ಆಫ್ ಮಾಡೋಣ ಅಂತ ಕಾಸರಗೋಡು ಪೇಟೆಯಿಂದ ಈ ರಿಲೇ ಬೋರ್ಡನ್ನು (ಸಣ್ಣ ವೋಲ್ಟೇಜಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ತಂದೆ. ಮೇಲೆ 10 ಆಂಪಿಯರ್ ಅಂತ ಬರೆದಿತ್ತು. ಆದರೆ ಮೋಟರ್ ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ ಅಲ್ವಾ, ಎರಡೇ ವಾರದಲ್ಲಿ ಒಳಗಿನ ಕಾಂಟ್ಯಾಕ್ಟ್ (ಮುಟ್ಟಿ ಬಿಡುವ ಲೋಹದ ತುದಿ) ಬೆಸೆದುಕೊಂಡು ಕೂತಿತು, ಆಫ್ ಮಾಡಿದರೂ ಪಂಪ್ ನಿಲ್ಲಲಿಲ್ಲ, ತೋಟವೆಲ್ಲ ಕೆಸರು.

ತಮಾಷೆ ಅಂದರೆ, ಎಲೆಕ್ಟ್ರಾನಿಕ್ ಚಿಪ್‌ನೊಳಗೆ ಕೂರಿಸಲು ಮಾಡುವ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ರಿಲೇಗೂ ಇದೇ ಅಂಟುವ ಕಾಯಿಲೆ. ಅದರಲ್ಲಿ ವೋಲ್ಟೇಜ್ ಕೊಟ್ಟರೆ ಪುಟ್ಟ ಪಟ್ಟಿಯೊಂದು ಬಾಗಿ ಮುಟ್ಟುತ್ತದೆ. ಬಿಟ್ಟಾಗ ನಡುವೆ ನಿಜವಾದ ಅಂತರ ಇರುವುದರಿಂದ ಟ್ರಾನ್ಸಿಸ್ಟರಿನ ಹಾಗೆ ಕರೆಂಟ್ ಸೋರುವುದಿಲ್ಲ. ಆದರೆ ಒಮ್ಮೆ ಅಂಟಿದರೆ ಮುಗಿಯಿತು.

ನಾನೀಗ ರಿಲೇಗೂ ಪಂಪಿಗೂ ನಡುವೆ ಕಾಂಟ್ಯಾಕ್ಟರ್ (ಮೋಟರಿನ ಜಾಸ್ತಿ ಕರೆಂಟ್ ತಾಳಿಕೊಳ್ಳುವ ದೊಡ್ಡ ಸ್ವಿಚ್) ಹಾಕಿದ್ದೇನೆ.