‘ಫೈಲ್ ಆಗಿದೆ’ ಅನ್ನೋದಕ್ಕೆ ಸಾಕ್ಷಿ ಎಲ್ಲಿ? ಇ-ಫೈಲಿಂಗ್ ಪೋರ್ಟಲ್ ಜೊತೆ ಐದು ಸೀಸನ್

ಹಾಸನದಲ್ಲಿ ನನ್ನದೊಂದು ಚಿಕ್ಕ ಟ್ಯಾಕ್ಸ್ ಆಫೀಸು. ಕಾಫಿ ವ್ಯಾಪಾರಿಗಳು, ಮೇಷ್ಟ್ರುಗಳು, ಪಿಂಚಣಿದಾರರು, ಆಲೂಗಡ್ಡೆ ಮಂಡಿಯವರು, ಸಕಲೇಶಪುರ ಕಡೆಯ ತೋಟದವರು ಬರುತ್ತಾರೆ. 2021ರ ಜೂನ್ 7ರಂದು ಆದಾಯ ತೆರಿಗೆ ಇಲಾಖೆಯ ಹೊಸ ಇ-ಫೈಲಿಂಗ್ ಪೋರ್ಟಲ್ ಬಂತು. ಅಂದಿನಿಂದ ಇವರೆಲ್ಲರ ರಿಟರ್ನ್ ಅದರಲ್ಲೇ ಹಾಕುತ್ತಿದ್ದೇನೆ. ಪೋರ್ಟಲ್ ಬಗ್ಗೆ ಹೇಳಲು ಬೇಕಾದಷ್ಟಿದೆ. ಇಲ್ಲಿ ಬರೆಯುತ್ತಿರುವುದು ಒಂದೇ ವಿಷಯ: ರಿಟರ್ನ್ ಹೋಗಿದೆ, ಇಲಾಖೆ ಅದನ್ನು ಒಪ್ಪಿದೆ ಅಂತ ಕ್ಲೈಂಟ್ ಕೈಗೆ ಸಾಕ್ಷಿ ಕೊಡುವ ಕೆಲಸದಲ್ಲಿ ಇದು ಎಷ್ಟು ನಂಬಿಕೆಗೆ ಅರ್ಹ?

ಹಿಂದೆ ಕಾಗದದ ರಿಟರ್ನ್ ಇದ್ದಾಗ ಇಲಾಖೆಯ ಕೌಂಟರಿನಲ್ಲಿ ಪ್ರತಿಯ ಮೇಲೆ ಸೀಲ್ ಹೊಡೆದು ಕೊಡುತ್ತಿದ್ದರು. ಆ ಸೀಲೇ ಸಾಕ್ಷಿ. ನನ್ನ ಹಿರಿಯ ಕ್ಲೈಂಟ್‌ಗಳು ಈಗಲೂ ಪ್ರಿಂಟ್ ತಿರುಗಿಸಿ ನೋಡಿ ‘ಸೀಲ್ ಎಲ್ಲಿ ಸಾರ್?’ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ನಾನು ಅದಕ್ಕೆ ಸರಿಯಾದ ಉತ್ತರ ಕಲಿತದ್ದು 2023ರಲ್ಲಿ, ಒಬ್ಬರಿಗೆ ತೊಂದರೆ ಕೊಟ್ಟ ಮೇಲೆ.

ಅವರು ಬೇಲೂರು ಕಡೆಯ ಕಾಫಿ ವ್ಯಾಪಾರಿ. ಜುಲೈ 30ರ ರಾತ್ರಿ ಅವರ ರಿಟರ್ನ್ ಅಪ್‌ಲೋಡ್ ಮಾಡಿದೆವು. ಅದನ್ನು ವೆರಿಫೈ ಮಾಡಲು, ಅಂದರೆ ರಿಟರ್ನ್ ತಮ್ಮದೇ ಅಂತ ಅವರು ಖಚಿತಪಡಿಸಲು, ಆಧಾರ್ ಓಟಿಪಿ ಅವರ ಮೊಬೈಲಿಗೆ ಹೋಗಬೇಕು. ಅವರು ಊರಲ್ಲಿ, ಹೊರಗೆ ಜಡಿಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಆ ಓಟಿಪಿ 15 ನಿಮಿಷ ಮಾತ್ರ ನಡೆಯುತ್ತದೆ. ನಾಳೆ ಮಾಡೋಣ ಅಂತ ಬಿಟ್ಟೆವು. ಮರುದಿನ ಕೊನೆಯ ದಿನ, ಆಫೀಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಾವು ಆಗ ದುಡ್ಡು ಕೊಟ್ಟು ಬಳಸುತ್ತಿದ್ದ ಒಂದು ಸಾಫ್ಟ್‌ವೇರ್ ಅವರ ಹೆಸರಿನ ಮುಂದೆ ಹಸಿರು ಗುರುತು ಹಾಕಿ ‘ಫೈಲ್ಡ್’ ಅಂತ ತೋರಿಸಿತು. ನಮ್ಮ ಹುಡುಗ ಅದನ್ನು ನೋಡಿ ರಿಜಿಸ್ಟರಿನಲ್ಲಿ ಟಿಕ್ ಹಾಕಿದ. ನಾನೂ ಮತ್ತೆ ನೋಡಲಿಲ್ಲ.

ಸೆಪ್ಟೆಂಬರಿನಲ್ಲಿ ಅವರ ಫೋನ್ ಬಂತು. ಗೋಡೌನ್ ಕಟ್ಟಲು ಸಾಲ ಕೇಳಿದ್ದರು. ‘ಫೈಲ್ ಆಗಿದೆ ಅಂದ್ರಲ್ಲ ಸಾರ್, ಬ್ಯಾಂಕಲ್ಲಿ ಈ ಪೇಪರ್ ನಡೆಯಲ್ಲ ಅಂತಿದಾರೆ’ ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ಬ್ಯಾಂಕಿನವರು ಹೇಳಿದ್ದು ಸರಿಯಾಗಿಯೇ ಇತ್ತು, ಆ ರಿಟರ್ನ್ ವೆರಿಫೈ ಆಗಿರಲೇ ಇಲ್ಲ. ಅಪ್‌ಲೋಡ್ ಆದ ರಿಟರ್ನನ್ನು 30 ದಿನದೊಳಗೆ ವೆರಿಫೈ ಮಾಡಬೇಕು. (2022ರ ಆಗಸ್ಟ್‌ಗೆ ಮೊದಲು ಇದಕ್ಕೆ 120 ದಿನ ಇತ್ತು.) ಮಾಡದೇ ಹೋದರೆ ಅದು ಹಾಕದ ರಿಟರ್ನಿಗೆ ಸಮ. ತಡವಾಗಿ ವೆರಿಫೈ ಮಾಡಿದರೆ, ಮಾಡಿದ ದಿನವೇ ರಿಟರ್ನ್ ಹಾಕಿದ ದಿನ. ಹಾಗೆ ಜುಲೈ 30ರ ರಿಟರ್ನ್ ಸೆಪ್ಟೆಂಬರಿನದಾಯಿತು. ಆದಾಯ ಐದು ಲಕ್ಷಕ್ಕಿಂತ ಜಾಸ್ತಿ ಇದ್ದುದರಿಂದ 5,000 ರೂಪಾಯಿ ತಡ ಶುಲ್ಕ ಬಿತ್ತು. ಅದನ್ನು ನಾನೇ ಕಟ್ಟಿದೆ. ಆ ವರ್ಷದಿಂದ ಸಾಫ್ಟ್‌ವೇರಿನ ಹಸಿರು ಗುರುತನ್ನು ನಮ್ಮ ಆಫೀಸಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೋರ್ಟಲ್ ಏನು ಹೇಳುತ್ತದೋ ಅದೇ ಸತ್ಯ.

ಪೋರ್ಟಲ್ ನಿಜಕ್ಕೂ ಸ್ಪಷ್ಟವಾಗಿ ಹೇಳುತ್ತದೆ. ನಾವು ಓದಬೇಕು ಅಷ್ಟೇ. ವೆರಿಫೈ ಆಗುವ ಮೊದಲು ಸಿಗುವ ಕಾಗದ ಐಟಿಆರ್-ವಿ. ಅದರ ತಲೆಯ ಮೇಲೆ ‘ವೆರಿಫಿಕೇಶನ್ ಫಾರ್ಮ್’ ಅಂತ ಇರುತ್ತದೆ, ಕೆಳಗೆ ಸಹಿಗೆ ಜಾಗ ಇರುತ್ತದೆ. ಓಟಿಪಿ ಆಗದವರು ಅದಕ್ಕೇ ಸಹಿ ಹಾಕಿ ಬೆಂಗಳೂರಿನ ಸಿಪಿಸಿಗೆ (ರಿಟರ್ನ್‌ಗಳನ್ನು ಪ್ರೊಸೆಸ್ ಮಾಡುವ ಇಲಾಖೆಯ ಕೇಂದ್ರ), ಪಿನ್ 560500ಕ್ಕೆ, ಅಂಚೆಯಲ್ಲಿ ಕಳಿಸಬಹುದು. ವೆರಿಫೈ ಆದ ಮೇಲೆ ಸಿಗುವುದು ಬೇರೆ ಕಾಗದ. ಅದರ ತಲೆಬರಹ ‘ಅಕ್ನಾಲೆಜ್‌ಮೆಂಟ್’. ಅದರಲ್ಲಿ ಯಾರು, ಯಾವ ದಿನ, ಯಾವ ರೀತಿಯಲ್ಲಿ ವೆರಿಫೈ ಮಾಡಿದರು ಅಂತ ಬರೆದಿರುತ್ತದೆ. ಕೆಳಗೆ ಒಂದು ಬಾರ್‌ಕೋಡ್. ಅದರ ಹತ್ತಿರ ದಪ್ಪ ಅಕ್ಷರದಲ್ಲಿ, ಈ ಅಕ್ನಾಲೆಜ್‌ಮೆಂಟನ್ನು ಸಿಪಿಸಿ ಬೆಂಗಳೂರಿಗೆ ಕಳಿಸಬೇಡಿ ಅನ್ನುವ ಸಾಲು.

ಈ ಕೊನೆಯ ಸಾಲು ನೋಡಿ ತುಂಬಾ ಜನ ಗಾಬರಿಯಾಗುತ್ತಾರೆ, ಏನೋ ತಪ್ಪಾಗಿದೆ ಅಂತ. ಆದರೆ ನನಗೆ ಅದಕ್ಕಿಂತ ಸಮಾಧಾನ ಕೊಡುವ ಸಾಲು ಇಡೀ ಹಾಳೆಯಲ್ಲಿ ಇಲ್ಲ. ಕಳಿಸಬೇಡಿ ಅಂದರೆ ವೆರಿಫೈ ಆಗಿದೆ, ಇನ್ನು ಕಳಿಸುವುದು ಏನೂ ಉಳಿದಿಲ್ಲ ಅಂತ ಅರ್ಥ. ಪ್ರಿಂಟ್ ತೆಗೆದ ಕೂಡಲೇ ಆ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ವೆರಿಫೈ ಆಗಿದೆ’ ಅಂತ ಕನ್ನಡದಲ್ಲಿ ತಾರೀಖಿನ ಸಮೇತ ಬರೆದು ಕೊಡುತ್ತೇನೆ. ಹಾಳೆಯೆಲ್ಲ ಇಂಗ್ಲಿಷಿನಲ್ಲಿದೆ. ಅಷ್ಟು ಮುಖ್ಯವಾದ ಒಂದು ಸಾಲಾದರೂ ಕನ್ನಡದಲ್ಲಿ ಬರಬೇಕು ಅನ್ನುವುದು ನನ್ನ ಮನಸ್ಸಿನ ಮಾತು. ತೆರಿಗೆ ಕಟ್ಟುವವರು ತಮ್ಮ ರಸೀದಿಯನ್ನು ತಾವೇ ಓದುವಂತಿರಬೇಕು ಅಲ್ವಾ?

ಬ್ಯಾಂಕಿನವರಿಗೆ ಅನುಮಾನ ಬಂದರೆ ಏನು ಮಾಡುವುದು? ಪಾಸ್‌ವರ್ಡ್ ಕೊಟ್ಟು ಲಾಗಿನ್ ಮಾಡಿ ತೋರಿಸಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪೋರ್ಟಲಿನ ಮುಖಪುಟದಲ್ಲೇ ರಿಟರ್ನ್ ಸ್ಟೇಟಸ್ ನೋಡುವ ಕೊಂಡಿ ಇದೆ. ಲಾಗಿನ್ ಬೇಡ. 15 ಅಂಕಿಯ ಅಕ್ನಾಲೆಜ್‌ಮೆಂಟ್ ನಂಬರ್ ಮತ್ತು ಒಂದು ಮೊಬೈಲ್ ನಂಬರ್ ಹಾಕಿದರೆ ಓಟಿಪಿ ಬರುತ್ತದೆ, ಸ್ಟೇಟಸ್ ಕಾಣುತ್ತದೆ. ಪ್ರಿಂಟ್ ಮೇಲೆ ನಂಬಿಕೆ ಇಲ್ಲದ ಅಧಿಕಾರಿಯೂ ತಮ್ಮ ಕಂಪ್ಯೂಟರಿನಲ್ಲೇ ಕೂತು ನೋಡಿಕೊಳ್ಳಬಹುದು. ಹಳೆಯ ಸೀಲಿಗಿಂತ ಇದು ಎಷ್ಟೋ ಗಟ್ಟಿ. ಸೀಲು ಯಾರು ಬೇಕಾದರೂ ಮಾಡಿಸಬಹುದಿತ್ತು.

ಲಾಗಿನ್ ಆಗಿ ‘ವ್ಯೂ ಫೈಲ್ಡ್ ರಿಟರ್ನ್ಸ್’ ತೆರೆದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ವರ್ಷದಿಂದ ವರ್ಷಕ್ಕೆ ಒಂದೊಂದು ರಿಟರ್ನಿನ ದಾರಿ ಸಾಲಾಗಿ ಇದೆ: ಹಾಕಿದ್ದು ಯಾವಾಗ, ವೆರಿಫೈ ಆದದ್ದು ಯಾವಾಗ, ಪ್ರೊಸೆಸ್ ಆದದ್ದು ಯಾವಾಗ. ಫಾರ್ಮ್, ರಸೀದಿ, ಇಂಟಿಮೇಷನ್ (ಲೆಕ್ಕ ನೋಡಿದ ಮೇಲೆ ಇಲಾಖೆ ಕಳಿಸುವ ತಿಳಿವಳಿಕೆ ಪತ್ರ) ಎಲ್ಲ ಅಲ್ಲೇ ಡೌನ್‌ಲೋಡ್ ಆಗುತ್ತದೆ. ಮೂರು ವರ್ಷದ ರಿಟರ್ನ್ ಕೇಳುವ ಬ್ಯಾಂಕುಗಳಿಗೆ ಈಗ ನಾನು ಫೈಲ್ ಹುಡುಕುವುದೇ ಇಲ್ಲ.

ವೆರಿಫೈ ಆದರೂ ಇಲಾಖೆ ಒಪ್ಪಿತು ಅಂತ ಆಗಲಿಲ್ಲ. ಇದನ್ನು ಜಾಸ್ತಿ ಜನ ಬಿಡುತ್ತಾರೆ. ರಿಟರ್ನಿನಲ್ಲಿ ಕೊರತೆ ಕಂಡರೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 139(9)ರ ಅಡಿ ‘ಡಿಫೆಕ್ಟಿವ್’ ಅಂತ ನೋಟಿಸ್ ಬರುತ್ತದೆ, 15 ದಿನದಲ್ಲಿ ಸರಿಪಡಿಸಬೇಕು. ಒಪ್ಪಿದ್ದಕ್ಕೆ ಕಾಗದ ಅಂದರೆ ಅದೇ ಕಾಯ್ದೆಯ ಸೆಕ್ಷನ್ 143(1)ರ ಇಂಟಿಮೇಷನ್. ಇಮೇಲಿಗೆ ಪಿಡಿಎಫ್ ಬರುತ್ತದೆ. ತೆರೆಯಲು ಪ್ಯಾನ್ ನಂಬರನ್ನು ಸಣ್ಣ ಅಕ್ಷರದಲ್ಲಿ ಹಾಕಿ, ಜಾಗ ಬಿಡದೆ ಹುಟ್ಟಿದ ತಾರೀಖು ಹಾಕಬೇಕು. 1958ರ ಜೂನ್ 21 ಆದರೆ 21061958. ಒಳಗೆ ಎರಡು ಕಾಲಂ: ಎಡಕ್ಕೆ ನಾವು ಕೊಟ್ಟ ಲೆಕ್ಕ, ಬಲಕ್ಕೆ ಇಲಾಖೆ ಹಾಕಿದ ಲೆಕ್ಕ. ಎರಡೂ ಸಾಲು ಸಾಲಿಗೆ ಸರಿ ಹೊಂದಿದರೆ ಒಪ್ಪಿದ್ದಾರೆ ಅಂತ. ವ್ಯತ್ಯಾಸ ಇದ್ದರೆ ಅಲ್ಲೇ ಸಿಗುತ್ತದೆ. ಆ ಕಾಫಿ ವ್ಯಾಪಾರಿಯ 5,000 ನನಗೆ ಕಂಡದ್ದೂ ಬಲಗಡೆಯ ಕಾಲಂನಲ್ಲೇ, ಎಡಕ್ಕೆ ಸೊನ್ನೆ ಇತ್ತು.

ನಮ್ಮ ಕಡೆಯ ತೋಟದವರಿಗೆ ಈ ಎರಡು ಕಾಲಂ ಇನ್ನೂ ಮುಖ್ಯ. ಸ್ವಂತ ತೋಟದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ (ಸಿಪ್ಪೆ ತೆಗೆಸಿ ಹದ ಮಾಡಿಸಿ) ಮಾರಿದರೆ ಆ ಆದಾಯದ 25% ಕೇಂದ್ರದ ತೆರಿಗೆಗೆ ಬರುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ 40%. ಉಳಿದದ್ದು ಕೃಷಿ ಆದಾಯ. ಅದಕ್ಕೆ ತೋಟದವರ ಇಂಟಿಮೇಷನ್ ಬಂದಾಗ ಮೊದಲು ಬೆರಳಿಡುವುದು ಕೃಷಿ ಆದಾಯದ ಸಾಲಿನ ಮೇಲೆ. ಅಲ್ಲಿ ಅಂಕಿ ಬದಲಾದರೆ ಕೆಳಗಿನದೆಲ್ಲ ಬದಲಾಗುತ್ತದೆ.

ಇಂಟಿಮೇಷನ್ ಕೆಲವರಿಗೆ ವಾರದಲ್ಲಿ ಬರುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಕಾಯಬೇಕು. ರಿಟರ್ನ್ ಹಾಕಿದ ಹಣಕಾಸು ವರ್ಷ ಮುಗಿದು ಒಂಬತ್ತು ತಿಂಗಳವರೆಗೆ ಇಲಾಖೆಗೆ ಸಮಯ ಇದೆ. ಕಟ್ಟುವುದೂ ಇಲ್ಲ, ರೀಫಂಡೂ ಇಲ್ಲ, ಲೆಕ್ಕದಲ್ಲಿ ಬದಲಾವಣೆಯೂ ಇಲ್ಲ ಅನ್ನುವ ಕಡೆ ಅಕ್ನಾಲೆಜ್‌ಮೆಂಟನ್ನೇ ಇಂಟಿಮೇಷನ್ ಅಂತ ಕಾನೂನು ಒಪ್ಪುತ್ತದೆ. ಆದ್ದರಿಂದ ಆ ಹಾಳೆಯನ್ನು ಎಸೆಯಬೇಡಿ.

ನನ್ನ ಅಂಕ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ರಸೀದಿಯ ಭಾಷೆಗೆ. ವೆರಿಫೈ ಆಗದ ಹಾಳೆಯೂ ಆದ ಹಾಳೆಯೂ ದೂರದಿಂದ ಒಂದೇ ಥರ ಕಾಣುವುದೂ ಅದರಲ್ಲಿ ಸೇರಿದೆ.

2025ರಲ್ಲಿ ಗಡುವು ಸೆಪ್ಟೆಂಬರ್ 16ರವರೆಗೆ ಹೋಯಿತು. ಆ ಕಾಫಿ ವ್ಯಾಪಾರಿ ನಾಲ್ಕು ದಿನ ಮೊದಲೇ ಆಫೀಸಿಗೆ ಬಂದರು, ಆಧಾರಿಗೆ ಜೋಡಿಸಿದ ಮೊಬೈಲ್ ತಂದಿದ್ದರು. ಓಟಿಪಿಯನ್ನು ತಾವೇ ಓದಿ ಹೇಳಿದರು. ಪ್ರಿಂಟ್ ಬಂದಾಗ ನಾನು ಪೆನ್ನು ತೆಗೆಯುವ ಮೊದಲೇ ಕೆಳಗಿನ ಸಾಲಿಗೆ ಬೆರಳಿಟ್ಟು ‘ಇದೇ ಅಲ್ವಾ ಸಾರ್?’ ಅಂದರು. ಎರಡು ಪ್ರತಿ ಕೊಟ್ಟೆ. ಬೆಂಗಳೂರಿನಲ್ಲಿರುವ ಕ್ಲೈಂಟ್‌ಗಳು ಹಾಸನಾಂಬೆಯ ಬಾಗಿಲು ತೆಗೆದಾಗ ದರ್ಶನಕ್ಕೆ ಬಂದು, ಹಾಗೆಯೇ ಆಫೀಸಿಗೂ ಬಂದು ತಮ್ಮ ಕಾಗದಗಳ ಕವರ್ ತೆಗೆದುಕೊಂಡು ಹೋದರು. ಹನ್ನೊಂದು ಕವರ್ ಮಾತ್ರ ಹಾಗೇ ಉಳಿದವು. ಅವರ ಇಂಟಿಮೇಷನ್ ಇನ್ನೂ ಬಂದಿರಲಿಲ್ಲ. ಆ ಹನ್ನೊಂದು ಹೆಸರು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಸೋಮವಾರ ಸೋಮವಾರ ಸ್ಟೇಟಸ್ ನೋಡುತ್ತಾ ಬಂದೆ.